ಗೌನಿಪಲ್ಲಿಯಲ್ಲಿ ಅಮ್ಮ ಓದಿದ ಧಾರಾವಾಹಿ

ಈ ಸಲ ಮೇ ತಿಂಗಳ ಕೊನೆಯಲ್ಲಿ ಕೋಲಾರದ ಮಾರ್ಕೆಟ್ಟಿನಿಂದ ಬಾದಾಮಿ ಮಾವು ತಂದು ಚೀಲ ಬಿಚ್ಚಿದಾಗ, ಹಣ್ಣಿಗೆ ಸುತ್ತಿದ್ದ ಹಳೆಯ ಪೇಪರಿನಿಂದ ಮಾವಿನ ಸೊನೆಯ ಘಾಟೂ ಅಚ್ಚಿನ ಶಾಯಿಯ ವಾಸನೆಯೂ ಒಟ್ಟಿಗೇ ಮೂಗಿಗೆ ಬಡಿದವು. ಪೇಪರು ತೆಲುಗಿನದು. ಹಣ್ಣುಗಳನ್ನು ಮೇಜಿನ ಮೇಲೆ ಉರುಳಲು ಬಿಟ್ಟು, ಸೊನೆ ಒಣಗಿ ಗರಿಗರಿಯಾಗಿದ್ದ ಆ ಹಾಳೆಯನ್ನು ಬಿಡಿಸಿಕೊಂಡು ನಿಂತಲ್ಲೇ ಓದತೊಡಗಿದೆ. ಯಾವುದೋ ಊರಿನ ಕುಡಿಯುವ ನೀರಿನ ತಾಪತ್ರಯದ ಸುದ್ದಿ. ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಕೊನೆಯವರೆಗೂ ಓದಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ, "ಹಣ್ಣು ತಂದ್ಯೋ, ಪೇಪರ್ ತಂದ್ಯೋ?" ಎಂದರು. ಉತ್ತರ ಹೇಳುವ ಮೊದಲೇ ಗೌನಿಪಲ್ಲಿಯ ಆ ಮಾವಿನ ಕಾಲ ಕಣ್ಣ ಮುಂದೆ ಬಂದಿತ್ತು.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು. ಮೂರು ವರ್ಷದ ಹಿಂದೆ ಶಾಲೆ ತೆರೆಯುವ ಹೊತ್ತಿಗೆ ಕೋಲಾರದಿಂದ ಗೌನಿಪಲ್ಲಿಗೆ ವರ್ಗವಾಯಿತು. ಗಂಡನಿಗೆ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ, ಬಿಟ್ಟು ಬರುವಂತಿರಲಿಲ್ಲ. ಆಗ ಹೋಳೂರಿನಲ್ಲಿ ನನ್ನ ತಮ್ಮ ಮುನಿರಾಜುವಿನ ಸಂಸಾರದ ಜೊತೆಗಿದ್ದ ಅಮ್ಮ ತಾನಾಗಿಯೇ ಹೊರಟಳು. "ಒಬ್ಳೇ ಹೆಂಗಿರ್ತೀಯೇ? ನಾನೂ ಬರ್ತೀನಿ ನಡಿ. ಆ ಕಡೆ ಅಂದ್ರೆ ನಮ್ಮ ಕಡೇನೇ ಅಲ್ವಾ," ಎಂದಳು. ಅವಳ ತವರು ಆಂಧ್ರದ ಮದನಪಲ್ಲಿ ಹತ್ತಿರದ ಒಂದು ಹಳ್ಳಿ. ಮದುವೆಯಾಗಿ ಗಡಿ ದಾಟಿ ಹೋಳೂರಿಗೆ ಬಂದವಳು ಮತ್ತೆ ಆ ಕಡೆ ಹೋಗಿದ್ದು ಬಾಣಂತನಕ್ಕೆ, ಸಾವಿಗೆ, ಅಷ್ಟೇ.

ನಮ್ಮ ಮನೆಯಲ್ಲಿ ಅಮ್ಮ ಹೆಬ್ಬೆಟ್ಟು ಒತ್ತುವವಳು ಎಂದೇ ಲೆಕ್ಕ. ರೇಷನ್ ಅಂಗಡಿಯಲ್ಲಿ, ಸೊಸೈಟಿಯಲ್ಲಿ, ನನ್ನ ಅಂಕಪಟ್ಟಿಯ ಕೆಳಗೆ, ಎಲ್ಲ ಕಡೆಯೂ ಅವಳ ಹೆಬ್ಬೆಟ್ಟಿನ ನೀಲಿ ಗುರುತು. ನಾನು ಆರನೇ ಕ್ಲಾಸಿನಲ್ಲಿದ್ದಾಗ ನಾಚಿಕೆಯಾಗಿ, ಸ್ಲೇಟು ಹಿಡಿದು ಅವಳಿಗೆ ಸಹಿ ಮಾಡಲು ಕಲಿಸಿದೆ. ವೆಂಕಟಲಕ್ಷ್ಮಮ್ಮ ಎಂಬ ಅಷ್ಟುದ್ದದ ಹೆಸರನ್ನು ಅವಳು ನಾಲ್ಕೇ ದಿನದಲ್ಲಿ ಒತ್ತಕ್ಷರದ ಸಮೇತ ತಪ್ಪಿಲ್ಲದೆ ಬರೆದಳು. ನಾನು ಓಣಿಯವರಿಗೆಲ್ಲ ಹೇಳಿಕೊಂಡು ತಿರುಗಿದೆ. ಟೀಚರಾಗಬೇಕು ಎಂಬ ಆಸೆ ಹುಟ್ಟಿದ್ದು ಆ ವಾರವೇ. ಬಿ.ಎಡ್. ಓದುವಾಗ ಭಾಷಣ ಮಾಡಿಸಿದರೆ, ನನ್ನ ಮೊದಲ ವಿದ್ಯಾರ್ಥಿನಿ ನನ್ನ ತಾಯಿ ಎಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ.

ಗೌನಿಪಲ್ಲಿಯಲ್ಲಿ ನಾರಾಯಣಮ್ಮ ಎಂಬವರ ಮನೆಯ ಪಕ್ಕದ ಎರಡು ಕೋಣೆ ಬಾಡಿಗೆಗೆ ಸಿಕ್ಕವು. ಅವರಿಗೆ ಮಾವಿನ ತೋಪಿತ್ತು. ಹಿತ್ತಲಿನ ದೊಡ್ಡ ಶೆಡ್ಡಿನಲ್ಲಿ ಕಾಯಿ ಆರಿಸಿ, ಕ್ರೇಟಿಗೆ ತುಂಬಿ ಲಾರಿಗೆ ಹಾಕಿಸುತ್ತಿದ್ದರು. ಜೂನಿನ ಮೊದಲ ಮಳೆ ಬಿದ್ದಿತ್ತು. ಬೀದಿಯಲ್ಲಿ ಕೆಂಪು ಕೆಸರು, ಅದರ ಮೇಲೆ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕಿ ಜಜ್ಜಿಹೋದ ತೋತಾಪುರಿ, ಅದರ ಮೇಲೆ ನೊಣ. ಊರಿಗೆ ಊರೇ ಹುಳಿ ಸಿಹಿ ಬೆರೆತ ವಾಸನೆಯಲ್ಲಿ ಮುಳುಗಿರುತ್ತಿತ್ತು.

ಶಾಲೆಯಲ್ಲಿ ಹೆಡ್‌ಮಾಸ್ಟರು ಮೊದಲ ವಾರವೇ ನನ್ನನ್ನು ಕರೆದರು. "ಮೇಡಂ, ಮಕ್ಕಳು ಓದೋದೇ ಬಿಟ್ಬಿಟ್ಟವ್ರೆ. ಮನೇಲೆಲ್ಲ ತೆಲುಗು, ಇಲ್ಲಿ ಕನ್ನಡ, ಎರಡರ ಮಧ್ಯ ಒದ್ದಾಡ್ತವೆ. ಶನಿವಾರ ಒಂದು ಪೀರಿಯಡ್ಡು ಬರೀ ಓದೋಕೆ ಇಡಿ. ಪಾಠದ ಪುಸ್ತಕ ಬೇಡ, ಕತೆ ಪುಸ್ತಕ." ನಾನು ಹುರುಪಿನಿಂದ ಒಪ್ಪಿಕೊಂಡೆ. ವಾರಕ್ಕೊಂದು ಪುಸ್ತಕ ಓದಬೇಕು, ಶನಿವಾರ ಅದರ ಬಗ್ಗೆ ಹೇಳಬೇಕು, ಕ್ಲಾಸಿನಲ್ಲಿ ತೆಲುಗು ಕೂಡದು ಎಂದು ನಿಯಮ ಮಾಡಿದೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ಈ ವಾರ ನೀವೇನ್ ಓದಿದ್ರಿ?" ಎಂದು ಕೇಳಿದಳು. ಕೊಂಕಿರಲಿಲ್ಲ, ನಿಜವಾಗಿಯೇ ಕೇಳಿದ್ದಳು. "ಒಂದು ಕಾದಂಬರಿ," ಎಂದೆ. ಸುಳ್ಳು. ನಾನು ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಎರಡು ವರ್ಷ ದಾಟಿತ್ತು. ಕೊಂಡು ತಂದಿದ್ದೆಲ್ಲ ಇಪ್ಪತ್ತು ಮೂವತ್ತು ಪುಟಕ್ಕೆ ನಿಂತುಹೋಗುತ್ತಿತ್ತು.

ಇತ್ತ ಅಮ್ಮನಿಗೆ ಹೊತ್ತು ಹೋಗುತ್ತಿರಲಿಲ್ಲ. ಕೈ ಸುಮ್ಮನಿಡಲಾರದೆ ನಾರಾಯಣಮ್ಮನ ಶೆಡ್ಡಿಗೆ ಹೋಗಿ ಕ್ರೇಟು ತುಂಬಲು ಕೂತಳು. ಕ್ರೇಟಿನ ತಳಕ್ಕೂ ಸುತ್ತಲೂ ಹಳೆಯ ಪೇಪರು ಹಾಸಬೇಕು. ಆ ಪೇಪರು ಮದನಪಲ್ಲಿ ಕಡೆಯಿಂದ ಕಟ್ಟುಕಟ್ಟಾಗಿ ಬರುತ್ತಿತ್ತು. ಹತ್ತು ದಿನ ಕಳೆದ ಮೇಲೆ ನಾರಾಯಣಮ್ಮ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ನಕ್ಕರು. "ಮೇಡಮ್ಮೋರೆ, ತಪ್ಪು ತಿಳ್ಕೋಬೇಡಿ. ಬೇರೆಯೋರು ಮೂರು ಕ್ರೇಟ್ ತುಂಬೋ ಹೊತ್ಗೆ ನಿಮ್ಮಮ್ಮ ಒಂದು ತುಂಬ್ತಾರೆ. ಪೇಪರ್ ನೋಡ್ಕೊಂಡು ಕೂತ್ಬಿಡ್ತಾರೆ."

"ಬೊಂಬೆ ನೋಡ್ತಿರ್ತಾಳೆ, ಬಿಡಿ," ಎಂದೆ ನಾನು.

ನಾರಾಯಣಮ್ಮ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಶೆಡ್ಡಿನ ಕಡೆ ನಡೆದರು.

ಆ ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಂದಾಗ ಮನೆಗೆ ಬೀಗ. ಕೀ ತರಲು ಹಿತ್ತಲಿಗೆ ಹೋದೆ. ಶೆಡ್ಡಿನ ತಗಡಿನ ಮೇಲೆ ತೆಳುವಾಗಿ ಮಳೆ ಬೀಳುತ್ತಿತ್ತು. ಒಳಗೆ ಯಾರೋ ತೆಲುಗಿನಲ್ಲಿ ಓದುತ್ತಿದ್ದರು. ರೇಡಿಯೋ ಇರಬೇಕು ಅಂದುಕೊಂಡೆ, ಅಷ್ಟು ಸರಾಗವಾಗಿತ್ತು. ಗಂಡಸಿನ ಮಾತಿಗೆ ದನಿ ದಪ್ಪ ಮಾಡಿ, ಹೆಂಗಸಿನ ಮಾತಿಗೆ ಇಳಿಸಿ, ಗುಟ್ಟಿನ ಮಾತು ಬಂದಾಗ ನಿಧಾನಿಸಿ ಓದುತ್ತಿದ್ದ ದನಿ. ಬಾಗಿಲಿಗೆ ಬಂದು ನೋಡಿದರೆ ಅಮ್ಮ. ಕಾಯಿ ರಾಶಿಯ ಪಕ್ಕ ಮಣೆಯ ಮೇಲೆ ಕೂತು, ತೋಳಿನಷ್ಟು ದೂರಕ್ಕೆ ಪೇಪರು ಹಿಡಿದು ಓದುತ್ತಿದ್ದಾಳೆ. ಸುತ್ತ ಐದಾರು ಹೆಂಗಸರು ಕೈಯಲ್ಲಿನ ಕಾಯಿ ಕೈಯಲ್ಲೇ ಹಿಡಿದು ಕೇಳುತ್ತಿದ್ದಾರೆ. ನಾರಾಯಣಮ್ಮನೂ ಕ್ರೇಟಿನ ಮೇಲೆ ಕೂತಿದ್ದಾರೆ.

ಅಮ್ಮ ತಲೆಯೆತ್ತಿ ನನ್ನನ್ನು ಕಂಡಳು. ದನಿ ಅರ್ಧಕ್ಕೆ ನಿಂತಿತು. ಪೇಪರನ್ನು ಮಡಿಸಿ ಒಂದು ಕಾಯಿಗೆ ಸುತ್ತಿ ಕ್ರೇಟಿನೊಳಗೆ ಇಟ್ಟುಬಿಟ್ಟಳು. "ಕೀ ಬೇಕಾ? ತಗೋ," ಎಂದು ಸೆರಗಿನ ಗಂಟು ಬಿಚ್ಚಿದಳು.

ನಾನು ಕೀ ಇಸಿದುಕೊಂಡು ಬಂದು ಮನೆಯಲ್ಲಿ ಕೂತೆ. ಸಂತೋಷವಾಗಬೇಕಿತ್ತು. ಆಗಲಿಲ್ಲ. ಯಾರೋ ನನಗೆ ಮೋಸ ಮಾಡಿದ ಹಾಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ, ಯಾಕೆ ಎಂದು ತಿಳಿಯಲಿಲ್ಲ. ಅಮ್ಮ ಬಂದು ಮುದ್ದೆಗೆ ನೀರಿಟ್ಟಳು.

"ಅಮ್ಮ, ನಿನಗೆ ಓದೋಕೆ ಬರುತ್ತಾ?"

"ಏದೋ ಒಂದಿಷ್ಟು."

"ಒಂದಿಷ್ಟಾ? ನನಗೆ ಕನ್ನಡ ಹಂಗೆ ಓದೋಕೆ ಬರಲ್ಲ! ಯಾವತ್ತೂ ಯಾಕೆ ಹೇಳಲಿಲ್ಲ?"

"ಮದ್ವೆ ಆದ ವರ್ಷ ಜನಗಣತಿಯೋರು ಬಂದಿದ್ರು. ಸೊಸೆಗೆ ಕನ್ನಡ ಓದು ಬರಹ ಬರುತ್ತಾ ಅಂದ್ರು. ಬರಲ್ಲ ಅಂದ್ರು ನಿಮ್ಮಜ್ಜಿ. ಬರ್ತಿರಲಿಲ್ಲ, ನಿಜಾನೇ. ತೆಲುಗು ಬರುತ್ತಾ ಅಂತ ಯಾರೂ ಕೇಳಲಿಲ್ಲ. ಪೋನೀಲೇ, ಬಿಡು." ಅವಳು ಹಿಟ್ಟು ಹಾಕಿ ಕೋಲು ತಿರುವಿದಳು. "ಏಳನೇ ಕ್ಲಾಸ್ ಪಾಸು ನಾನು."

"ಮತ್ತೆ ನಾನು ಸ್ಲೇಟ್ ಹಿಡ್ಕೊಂಡು ಸಹಿ ಕಲಿಸಿದಾಗ?"

"ನಿನಗೆ ಅಷ್ಟು ಸಂತೋಷ ಆಗಿತ್ತಲ್ಲೇ," ಎಂದಳು.

ಎರಡು ದಿನ ನಾನು ಅವಳನ್ನು ಬಿಡದೆ ಅದನ್ನೇ ಕೇಳಿದೆ. ಒಂದು ಸಲ ಕೇಳಿದರೆ ಹಾಗೆ ಹೇಳಿದವಳು, ಇನ್ನೊಂದು ಸಲ ಕೇಳಿದಾಗ ಬೇರೆಯೇ ಹೇಳಿದಳು. ಮದುವೆಯಾದ ಹೊಸದರಲ್ಲಿ ಒಂದು ಕನ್ನಡ ಲಗ್ನಪತ್ರಿಕೆಯನ್ನು ತನಗೆ ತಿಳಿದ ತೆಲುಗು ಅಕ್ಷರದ ಅಂದಾಜಿನಲ್ಲಿ ಓದಿದಳಂತೆ, ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರಂತೆ. ಮೂರನೇ ಸಲ, "ಹೊಲ, ದನ, ನೀವಿಬ್ರು. ಎಲ್ಲಿತ್ತೇ ಪುರುಸೊತ್ತು? ಪೇಪರಾದ್ರೂ ಎಲ್ಲಿತ್ತು?" ಎಂದಳು. ಯಾವುದು ನಿಜವಾದ ಕಾರಣವೋ ನನಗೆ ಗೊತ್ತಾಗಲಿಲ್ಲ. ಅವಳಿಗೂ ಗೊತ್ತಿತ್ತೋ ಇಲ್ಲವೋ.

ಆಮೇಲೆ ಒಂದು ಸಂಜೆ ಅವಳೇ ರಾಗಿ ಚೀಲದ ಹಿಂದಿನಿಂದ ಒಂದು ಕಟ್ಟು ತೆಗೆದಳು. ಭಾನುವಾರದ ಪುರವಣಿಯ ಹಾಳೆಗಳು. ಎಲ್ಲ ಒಂದೇ ಧಾರಾವಾಹಿಯ ಕಂತುಗಳು. ಅಕ್ಕ ತಂಗಿ ಇಬ್ಬರು ಒಂದು ಊರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುತ್ತಾರೆ. ಒಂದು ಬೆಳಿಗ್ಗೆ ಅಕ್ಕ ಅರ್ಧ ಹೊಲಿದ ರವಿಕೆಯನ್ನು ಮಿಷನ್ನಿನಲ್ಲೇ ಬಿಟ್ಟು ಕಾಣೆಯಾಗುತ್ತಾಳೆ. ತಂಗಿ ಹುಡುಕುತ್ತಾಳೆ. ಅಮ್ಮನ ಬಳಿ ಇದ್ದದ್ದು ಎರಡನೇ ಕಂತು, ಮೂರನೆಯದು, ಆರು, ಏಳು, ಹತ್ತು. ಮಧ್ಯದವು ಯಾವ ಕ್ರೇಟಿನಲ್ಲಿ ಯಾವ ಊರಿಗೆ ಹೋದವೋ.

"ನನಗೆ ಕಲಿಸ್ತೀಯಾ?" ಎಂದೆ. ನನಗೇ ಗೊತ್ತಿಲ್ಲದೆ ಬಾಯಿಂದ ಬಂದ ಮಾತು.

ಕನ್ನಡದ ಅಕ್ಷರಗಳಿಗೆ ತಲೆಯ ಮೇಲೆ ಅಡ್ಡಗೆರೆ. ತೆಲುಗಿನವಕ್ಕೆ ಉತ್ತರ ಪತ್ರಿಕೆಯಲ್ಲಿ ನಾನು ಹಾಕುವಂಥದೇ ಒಂದು ರೈಟು. ಅಷ್ಟೇ ವ್ಯತ್ಯಾಸ, ಒಂದು ವಾರದಲ್ಲಿ ಕಲಿತುಬಿಡುತ್ತೇನೆ ಅಂದುಕೊಂಡಿದ್ದೆ. ಆದರೆ ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಭಾಷೆ ಕಾಗದದ ಮೇಲೆ ಬೇರೆಯವರ ಮನೆಯದಾಗಿ ಕಂಡಿತು. ಅಮ್ಮ ಬೈಯುವಾಗ, ಮುದ್ದು ಮಾಡುವಾಗ ಆಡುವ ತೆಲುಗು ಅದಾಗಿರಲಿಲ್ಲ. ಕಣ್ಣು ಕನ್ನಡಕ್ಕೆ ಪಳಗಿತ್ತು, ಕಿವಿ ತೆಲುಗಿಗೆ. ಎರಡೂ ಒಂದಕ್ಕೊಂದು ಅಡ್ಡ ಬರುತ್ತಿದ್ದವು. ಕತೆಯಲ್ಲಿ ತಂಗಿ "ಇಲ್ಲಂತಾ ವೆತಿಕಿಂದಿ" ಎಂದಿತ್ತು. ನಾನು ಓದಿ, "ಅಕ್ಕ ಇಲ್ಲ ಅಂತ ಹುಡುಕಿದ್ಲಾ?" ಎಂದೆ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇಲ್ಲ ಅಂತ ಅಲ್ಲ ಕಣೇ! ಇಲ್ಲು ಅಂದ್ರೆ ಮನೆ. ಮನೆಯೆಲ್ಲಾ ಹುಡುಕಿದ್ಲು ಅಂತ. ಅಷ್ಟೂ ಗೊತ್ತಿಲ್ವಾ ಟೀಚರಮ್ಮಂಗೆ?"

ಗೊತ್ತಿತ್ತು. ಗೊತ್ತಿದ್ದದ್ದು ಓದುವಾಗ ಮರೆತುಹೋಗುತ್ತಿತ್ತು. ಕ್ಲಾಸಿನಲ್ಲಿ ಕನ್ನಡ ಓದಲು ನಿಂತು ತಡವರಿಸುವ ಮಕ್ಕಳ ಕಷ್ಟ ಏನೆಂದು ಆ ದಿನಗಳಲ್ಲಿ ನನ್ನ ನಾಲಿಗೆಗೇ ತಿಳಿಯಿತು. ತೆಲುಗು ಕೂಡದು ಎಂಬ ನಿಯಮವನ್ನು ಹೇಳದೆ ಕೇಳದೆ ಕೈಬಿಟ್ಟೆ. ಒಂದು ಶನಿವಾರ, ಈ ವಾರ ಮಿಸ್ ಎರಡು ಪುಟ ತೆಲುಗು ಓದಿದ್ದಾರೆ ಎಂದು ನಾನೇ ಹೇಳಿದೆ. ಮಕ್ಕಳು ನಂಬಲಿಲ್ಲ. ಓದಿ ತೋರಿಸಿದೆ. ಇಡೀ ಕ್ಲಾಸು ನನ್ನ ಉಚ್ಚಾರ ತಿದ್ದಿತು. ಇದು ಪಾಠವೋ ಗಲಾಟೆಯೋ ಎಂದು ಹೆಡ್‌ಮಾಸ್ಟರು ಕಿಟಕಿಯಲ್ಲಿ ಇಣುಕಿ ಹೋದರು. ನನಗೂ ಅದು ಸ್ಪಷ್ಟವಿರಲಿಲ್ಲ.

ಇಷ್ಟರಲ್ಲಿ ಇನ್ನೊಂದು ಗೊತ್ತಾಯಿತು. ಸಿಗದ ಕಂತುಗಳನ್ನು ಅಮ್ಮ ಶೆಡ್ಡಿನ ಹೆಂಗಸರಿಗೆ ತಾನೇ ಕಟ್ಟಿ ಹೇಳುತ್ತಿದ್ದಳು. ಕೈಯಲ್ಲಿ ಯಾವುದೋ ಹಾಳೆ ಹಿಡಿದು, ಅದರಲ್ಲಿ ಇದೆಯೇನೋ ಎಂಬಂತೆ. ನಾರಾಯಣಮ್ಮ ನನ್ನ ಬಳಿ ಐದನೇ ಕಂತಿನ ಕತೆ ಹೇಳಿ ಕಣ್ಣೊರೆಸಿಕೊಂಡಾಗ ನನಗೆ ಅನುಮಾನ ಬಂತು. ಐದನೆಯದು ನಮ್ಮಲ್ಲಿ ಇರಲೇ ಇಲ್ಲ.

ಜುಲೈ ಎರಡನೇ ವಾರ ಮಾವು ಮುಗಿಯುತ್ತಾ ಬಂತು. ಪೇಪರಿನ ಕಟ್ಟುಗಳೂ ನಿಂತವು. ಹುಡುಕಿ ಹುಡುಕಿ ಹನ್ನೊಂದನೇ ಕಂತು ಸಿಕ್ಕಿತ್ತು. ಅದರ ಕೊನೆಯಲ್ಲಿ, ಮುಂದಿನ ವಾರ ಮುಗಿಯುತ್ತದೆ ಎಂದಿತ್ತು. ಆಗಲೇ ಹೋಳೂರಿನಿಂದ ಮುನಿರಾಜು ಫೋನು ಮಾಡಿದ. ಅವನು ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವವನು. "ಅಕ್ಕಾ, ಹುಳ ಇನ್ನೆರಡು ದಿನಕ್ಕೆ ನಾಲ್ಕನೇ ಜ್ವರ ಏಳ್ತವೆ. ಸೊಪ್ಪು ಹಾಕೋಕೆ ಕೈ ಸಾಲಲ್ಲ. ಅಮ್ಮನ್ನ ಶನಿವಾರಾನೇ ಬಸ್ ಹತ್ತಿಸ್ಬಿಡು." ಜ್ವರ ಎಂದರೆ ಹುಳ ಪೊರೆ ಕಳಚುವ ಹೊತ್ತು. ನಾಲ್ಕನೆಯದು ಮುಗಿದರೆ ಹಗಲಿಡೀ ಸೊಪ್ಪು ತಿನ್ನುತ್ತವೆ, ತಡವಾದರೆ ಬೆಳೆ ಕೆಡುತ್ತದೆ. ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಸರಿ ಎಂದುಬಿಟ್ಟೆ.

ಅಮ್ಮ ಫೋನು ಕೊಡು ಎಂದು ಕೈ ಚಾಚಿದಳು. "ಲೇ ಮುನಿರಾಜು, ಶನಿವಾರ ಆಗಲ್ಲ ಕಣೋ. ಸೋಮವಾರ ಬರ್ತೀನಿ."

"ಯಾಕಮ್ಮಾ? ಅಲ್ಲೇನ್ ಕೆಲ್ಸ ನಿಂಗೆ?"

"ಓದ್ತಾ ಇದೀನಿ. ಇನ್ನೊಂದು ಚೂರು ಉಳ್ಕೊಂಡಿದೆ."

ಆ ಕಡೆ ಅವನು ನಕ್ಕದ್ದು ನನಗೂ ಕೇಳಿಸಿತು. ಅಮ್ಮ ನಗು ಮುಗಿಯುವವರೆಗೆ ಕಾದಳು. "ನಗು, ನಗು. ಸೋಮವಾರ ಬರ್ತೀನಿ," ಎಂದು ಫೋನು ನನ್ನ ಕೈಗಿಟ್ಟಳು. ಮುನಿರಾಜು ನನ್ನನ್ನು, "ಏನಕ್ಕಾ ಇದು, ಅಮ್ಮ ಹುಷಾರಾಗವ್ಳೆ ತಾನೆ?" ಎಂದು ಕೇಳಿದ. ನಾನು, "ಹುಷಾರಾಗೇ ಇದಾಳೆ. ಎರಡು ದಿನ ಕೂಲಿಯೋರನ್ನ ಕರ್ಕೋ," ಎಂದೆ. ಅವನು ಸಿಟ್ಟಿನಲ್ಲೇ ಫೋನು ಇಟ್ಟ.

ಕೊನೆಯ ಕಂತು ಹುಡುಕಲು ಭಾನುವಾರ ಬೆಳಿಗ್ಗೆ ಇಬ್ಬರೂ ಮದನಪಲ್ಲಿ ಬಸ್ಸು ಹತ್ತಿದೆವು. ರಾಯಲ್ಪಾಡು ದಾಟಿದ ಮೇಲೆ ಅಂಗಡಿಗಳ ಬೋರ್ಡು ಕನ್ನಡದಿಂದ ತೆಲುಗಿಗೆ ತಿರುಗಿದವು. ಅಮ್ಮ ಕಿಟಕಿಯ ಕಡೆ ಕೂತು ಒಂದೊಂದನ್ನೂ ತುಟಿಯಲ್ಲೇ ಓದುತ್ತಾ ಬಂದಳು. ಗೊಬ್ಬರದಂಗಡಿ, ಸೈಕಲ್ ಷಾಪು, ದಂತ ವೈದ್ಯರು. ಅಲ್ಲಿನ ಗ್ರಂಥಾಲಯದ ಬಾಗಿಲಲ್ಲಿ ರಿಜಿಸ್ಟರು ಇಟ್ಟಿದ್ದರು. ಅಭ್ಯಾಸದಂತೆ ನಾನು ಪೆನ್ನು ತೆಗೆದುಕೊಂಡು ಇಬ್ಬರ ಹೆಸರೂ ಬರೆಯಲು ಬಗ್ಗಿದೆ. ಅಮ್ಮ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ತನ್ನ ಹೆಸರನ್ನು ತೆಲುಗಿನಲ್ಲಿ ಬರೆದಳು. ನಾನು ಕಲಿಸಿದ ಗುಂಡಗಿನ ಸಹಿಯಲ್ಲ ಅದು. ಬಲಕ್ಕೆ ವಾಲಿದ, ಅವಸರದ, ದೊಡ್ಡವರ ಕೈಬರಹ. ಅಂಥದ್ದೊಂದು ಅವಳಲ್ಲಿದೆ ಎಂದು ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ. ಅವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಕೇಳುವಂತಿರಲಿಲ್ಲ.

ಗ್ರಂಥಪಾಲಕರು ಹುರಿ ಕಟ್ಟಿದ ಪುರವಣಿಗಳನ್ನು ತಂದು ಮೇಜಿನ ಮೇಲೆ ಹಾಕಿದರು. ಕೊನೆಯ ಕಂತು ಸಿಕ್ಕಿತು. ಅಮ್ಮ ಕಾಲು ಗಂಟೆಯಲ್ಲಿ ಓದಿ ಮುಗಿಸಿ ನನ್ನ ಕಡೆ ಸರಿಸಿದಳು. ನನಗೆ ಒಂದು ಗಂಟೆ ಬೇಕಾಯಿತು. ಅಕ್ಕ ಪಕ್ಕದೂರಿನಲ್ಲಿದ್ದವಳು ತಾನಾಗಿಯೇ ಮನೆಗೆ ಬರುತ್ತಾಳೆ, ಅತ್ತು ಕ್ಷಮೆ ಕೇಳುತ್ತಾಳೆ, ಹಿರಿಯರು ಗೊತ್ತು ಮಾಡಿದ ವರನನ್ನೇ ಮದುವೆಯಾಗುತ್ತಾಳೆ. ಮುಗಿಯಿತು.

"ಇಷ್ಟೇನಾ?" ಎಂದಳು ಅಮ್ಮ. ಅವಳ ಮುಖದಲ್ಲಿ ನಿಜವಾದ ಸಂಕಟವಿತ್ತು. "ಇದಕ್ಕಾ ನಾನು ಮಗನ ಹತ್ರ ಜಗಳ ಆಡಿದ್ದು?"

ವಾಪಸು ಬರುವಾಗ ಅವಳು ಬೋರ್ಡುಗಳ ಕಡೆ ತಿರುಗಿಯೂ ನೋಡಲಿಲ್ಲ. ಒಂದು ತಿಂಗಳು ಹಿಡಿದುಕೊಂಡು ಓದಿದ್ದು ದಂಡವಾಯಿತೇ ಎಂದು ನನಗೆ ಚಿಂತೆ. ಬಸ್ಸಿಳಿದು ಬಂದಾಗ ಸಂಜೆ ಐದು ಗಂಟೆ. ಕೊನೆಯ ಲಾರಿಗೆ ಕಾಯಿ ತುಂಬುತ್ತಿದ್ದ ಹೆಂಗಸರು ಅಮ್ಮನನ್ನು ಕಂಡವರೇ ಸುತ್ತುವರಿದರು. "ಏಮಕ್ಕಾ, ಏಮಯಿಂದಿ? ಏನಾಯ್ತು ಕೊನೆಗೆ? ಆ ಹುಡುಗಿ ಸಿಕ್ಕಿದ್ಲಾ?" ಎಂದರು ನಾರಾಯಣಮ್ಮ.

ಅಮ್ಮ ಮಣೆ ಎಳೆದುಕೊಂಡು ಕೂತಳು. "ಸಿಕ್ಕಿದ್ಲು," ಎಂದು ಶುರು ಮಾಡಿದಳು. ತಂಗಿ ಬಸ್ಸಿನಲ್ಲಿ ಇನ್ನೊಂದು ಊರಿಗೆ ಹೋಗುತ್ತಾಳೆ. ಅಲ್ಲಿ ಒಂದು ಟೈಲರಿಂಗ್ ಅಂಗಡಿ. ಬೋರ್ಡಿನ ಮೇಲೆ ಅಕ್ಕನ ಹೆಸರೇ ಬರೆದಿದೆ. ಒಳಗೆ ಅಕ್ಕ ತಲೆ ಬಗ್ಗಿಸಿ ಹೊಲಿಯುತ್ತಿದ್ದಾಳೆ. ಇಬ್ಬರೂ ಟೀ ಕುಡಿಯುತ್ತಾರೆ. ಬಾ ಎಂದು ತಂಗಿ ಕರೆಯುವುದಿಲ್ಲ, ಬರುತ್ತೇನೆ ಎಂದು ಅಕ್ಕ ಹೇಳುವುದಿಲ್ಲ. ಹೊರಡುವಾಗ ಅಕ್ಕ ತಂಗಿಯ ರವಿಕೆಯ ಅಳತೆ ತೆಗೆದುಕೊಳ್ಳುತ್ತಾಳೆ. "ದಪ್ಪ ಆಗಿದ್ದೀಯ," ಅನ್ನುತ್ತಾಳೆ. ತಂಗಿ ನಗುತ್ತಾ ಬಸ್ಸು ಹತ್ತುತ್ತಾಳೆ.

"ಪೇಪರ್‌ನೋರು ಬಲು ಚೆನ್ನಾಗಿ ಬರೆದವ್ರೆ," ಎಂದರು ನಾರಾಯಣಮ್ಮ. ಅಮ್ಮ ನನ್ನ ಕಡೆ ನೋಡಲಿಲ್ಲ. ನಿಜವಾದ ಕೊನೆ ಓದಿದವಳು ನಾನೊಬ್ಬಳೇ. ಅವಳ ಪಕ್ಕ ಕೂತು ಕಾಯಿ ಒರೆಸತೊಡಗಿದೆ.

ಸೋಮವಾರ ಅವಳು ಹೋಳೂರಿಗೆ ಹೋದಳು. ಹುಳುವಿಗೆ ಸೊಪ್ಪು ಹಾಕಿದಳು, ಬೆಳೆ ಚೆನ್ನಾಗಿಯೇ ಬಂತು. ಮುನಿರಾಜು ಒಂದು ತಿಂಗಳು ನನ್ನ ಮೇಲೆ ಮುನಿಸಿಕೊಂಡಿದ್ದು, ಆಮೇಲೆ ತಾನೇ ಮುಳಬಾಗಿಲಿಗೆ ಹೋದಾಗಲೆಲ್ಲ ಅಮ್ಮನಿಗೆ ತೆಲುಗು ವಾರಪತ್ರಿಕೆ ತರತೊಡಗಿದ. ನಾನು ಮರುವರ್ಷ ಕೋಲಾರಕ್ಕೆ ವಾಪಸಾದೆ. ಈಗ ದಿನಕ್ಕೆ ಹತ್ತು ಪುಟ ಓದುತ್ತೇನೆ, ಕನ್ನಡ ಒಂದು ದಿನ, ತೆಲುಗು ಒಂದು ದಿನ. ತೆಲುಗಿನ ದಿನ ಹತ್ತು ಪುಟ ಆಗುವುದಿಲ್ಲ.

ಅಕ್ಷರಗಳು ಹೆಚ್ಚುಕಡಿಮೆ ಒಂದೇ, ಕನ್ನಡವನ್ನೂ ಓದಬಹುದಲ್ಲ ಎಂದು ಒಂದು ಸಲ ಅಮ್ಮನನ್ನು ಕೇಳಿದ್ದೆ. "ನೀನು ತಪ್ಪು ಹಿಡೀತೀಯ," ಎಂದಿದ್ದಳು. ತಮಾಷೆಗೋ, ಅಲ್ಲವೋ, ಇವತ್ತಿಗೂ ನನಗೆ ತಿಳಿದಿಲ್ಲ. ಹೋದ ತಿಂಗಳು ಹೋಳೂರಿಗೆ ಹೋದಾಗ ಅವಳ ಕೋಣೆಯ ಗೂಡಿನಲ್ಲಿ, ನಾನು ಕಾಲೇಜಿನಲ್ಲಿ ಕೊಂಡು ಅರ್ಧಕ್ಕೆ ಬಿಟ್ಟಿದ್ದ ಒಂದು ಕನ್ನಡ ಕಾದಂಬರಿ ಕಾಣಿಸಿತು. ಇಲ್ಲಿ ಉಳಿದುಹೋಗಿದೆ, ತೆಗೆದುಕೊಂಡು ಹೋಗೋಣ ಎಂದು ಚೀಲಕ್ಕೆ ಹಾಕುತ್ತಿದ್ದೆ. ಅಮ್ಮ ಅಂಗಳದಿಂದಲೇ ನೋಡಿ ಕೂಗಿದಳು.

"ಏಯ್, ಅದನ್ನ ಎತ್ಕೊಂಡು ಹೋಗ್ಬೇಡ್ವೇ. ನನ್ದು ಇನ್ನೂ ಮುಗ್ದಿಲ್ಲ."